ಟ್ಯೂಬ್ ಲೈಟು ಒಡೆದ ಮನೆ

ಹೆದರಿಕೆಯ ವಿಷಯದಲ್ಲಿ ನಮ್ಮ ಮನೆಯವರೆಲ್ಲ ಬೇರೆ ಬೇರೆ ಪಂಥದವರು. ನಾನು ಜಿರಲೆಗೆ ಹೆದರುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಹೇಳದಿದ್ದರೂ ಓಣಿಗೆಲ್ಲ ಗೊತ್ತಿದೆ. ನನ್ನ ಹೆಂಡತಿ ಗಿರಿಜೆ ಚೇಳನ್ನು ಕಂಡರೂ ಚಪ್ಪಲಿ ಹುಡುಕುವವಳೇ ಹೊರತು ದನಿ ಎತ್ತುವವಳಲ್ಲ. ಆದರೆ ನಾನು ಕೈಯಲ್ಲಿ ಸುತ್ತಿಗೆ ಹಿಡಿದರೆ ಸಾಕು, ಕೂಸನ್ನೆತ್ತಿಕೊಂಡು ಎದುರು ಮನೆಗೆ ಹೋಗಿಬಿಡುತ್ತಾಳೆ. ಇನ್ನು ನಮ್ಮ ನೀಲವ್ವತ್ತೆ. ಅವಳು ನನ್ನ ತಂದೆಯ ಅಕ್ಕ, ಲಕ್ಷ್ಮೇಶ್ವರಕ್ಕೆ ಕೊಟ್ಟವಳು. ನನ್ನ ತಾಯಿ ತೀರಿಕೊಂಡಾಗ ನನ್ನನ್ನು ಸಾಕಲೆಂದು ಗದಗಿಗೆ ಅಂಟಿಕೊಂಡ ನಮ್ಮ ಬೆಟಗೇರಿಗೆ ಬಂದವಳು ಇಲ್ಲೇ ಉಳಿದಳು. ಲಕ್ಷ್ಮೇಶ್ವರದಲ್ಲಿ ಸಂಸ್ಥಾನದ ಆಳ್ವಿಕೆ ಇದ್ದಾಗ ಅವಳು ರಾಜರೊಬ್ಬರಿಗೆ ಮಾತ್ರ ಹೆದರುತ್ತಿದ್ದಳಂತೆ. ಸ್ವಾತಂತ್ರ್ಯ ಬಂದು, ಸಂಸ್ಥಾನ ವಿಲೀನವಾದ ಮೇಲೆ ಹೆದರಲು ಯೋಗ್ಯರಾದವರು ಯಾರೂ ಉಳಿದಿಲ್ಲ ಎಂಬುದು ಅವಳ ಅಭಿಪ್ರಾಯ. ಹೀಗೆ ಮೂವರೂ ನಮ್ಮ ನಮ್ಮ ಹೆದರಿಕೆಗಳನ್ನು ಹಂಚಿಕೊಂಡು ಸುಖವಾಗಿದ್ದ ಮನೆಯಲ್ಲಿ, ಬೆಳಕಿಗೆ ಹೆದರಬೇಕಾದೀತೆಂದು ಯಾರಿಗೂ ಕನಸಿನಲ್ಲೂ ಅನ್ನಿಸಿರಲಿಲ್ಲ.

ಆ ಬೆಳಕನ್ನು ಮನೆಗೆ ತಂದವನು ನಾನೇ. ಆಗ ನಾನು ಗದಗಿನ ಹತ್ತಿ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿಯ ಕೆಲಸಕ್ಕೆ ಹುಬ್ಬಳ್ಳಿಗೆ ಹೋದಾಗ ಒಂದು ಅರಿವೆ ಅಂಗಡಿಯಲ್ಲಿ ಮೊದಲ ಸಲ ಟ್ಯೂಬ್ ಲೈಟು ನೋಡಿದೆ. ಸಂಜೆ ಹೊತ್ತು, ಹೊರಗೆಲ್ಲ ಮಬ್ಬು, ಅಂಗಡಿಯೊಳಗೆ ಮಾತ್ರ ಹಾಲು ಚೆಲ್ಲಿದ ಹಾಗೆ ಬೆಳಕು. ನೆರಳು ಎಂಬುದೇ ಇಲ್ಲ. ಧೋತರ ಕೊಳ್ಳಲು ಹೋದವನು ಧೋತರವನ್ನು ಮರೆತು, ಕತ್ತು ಮೇಲೆತ್ತಿ ನಿಂತುಬಿಟ್ಟೆ. ಮರುದಿನ ಕಚೇರಿಯಲ್ಲಿ ಇದನ್ನು ವರ್ಣಿಸಿದಾಗ ಸಹೋದ್ಯೋಗಿಯೊಬ್ಬರು, ‘ಅದೆಲ್ಲಾ ಸಿನೆಮಾ ಥೇಟರಿಗೆ, ದೊಡ್ಡ ಅಂಗಡಿಗೆ ರೀ. ಮನ್ಯಾಗ ಯಾರು ಹಚ್ಚತಾರ?’ ಎಂದರು. ಆ ಮಾತು ನನ್ನನ್ನು ಕೆಡಿಸಿತು. ಮನೆಯಲ್ಲಿ ಯಾರೂ ಹಚ್ಚುವುದಿಲ್ಲ ಎಂದ ಮೇಲೆ ಹಚ್ಚದೆ ಇರುವುದು ಹೇಗೆ? ನನಗೆ ಬೇಕಾಗಿದ್ದುದು ಓದಲು ಬೆಳಕಲ್ಲ. ನಮ್ಮ ಮನೆಯಲ್ಲಿ ಓದುವಂಥದ್ದು ಪಂಚಾಂಗ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಓಣಿಯಲ್ಲಿ ಹೋಗುವವರು ನಮ್ಮ ಕಿಟಕಿಯ ಮುಂದೆ ಒಂದು ಗಳಿಗೆ ನಿಂತು ಹೋಗಬೇಕು, ಅಷ್ಟೇ ನನ್ನ ಆಸೆ.

ಹುಬ್ಬಳ್ಳಿಯಿಂದ ಅದನ್ನು ರೈಲುಗಾಡಿಯಲ್ಲಿ ತಂದದ್ದೇ ಒಂದು ಸಾಹಸ. ರಟ್ಟಿನ ಕೊಳವೆಯೊಳಗೆ ಮಲಗಿಸಿದ ಆ ಉದ್ದನೆಯ ವಸ್ತುವನ್ನು ಮೊದಲು ಅಡ್ಡ ಹಿಡಿದೆ, ಜನ ಬೈದರು. ಉದ್ದ ಹಿಡಿದೆ, ಮೇಲಿನ ಹಲಗೆಗೆ ತಾಗಿತು. ಕೊನೆಗೆ ಎರಡೂ ಕಾಲುಗಳ ನಡುವೆ ನಿಲ್ಲಿಸಿಕೊಂಡು, ಎರಡೂ ಕೈಯಿಂದ ತಬ್ಬಿಕೊಂಡು ಕುಳಿತೆ. ಎದುರಿಗೆ ಶಿರಹಟ್ಟಿ ಕಡೆಯ, ದೊಡ್ಡ ರುಮಾಲಿನ ಯಜಮಾನರೊಬ್ಬರಿದ್ದರು. ಅಣ್ಣಿಗೇರಿ ದಾಟುವವರೆಗೂ ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟರು.

‘ಏನ್ರಿ ತಮ್ಮಾ ಅದು, ಬಂದೂಕೇನು?’

‘ಅಲ್ರಿ ಯಜಮಾನ್ರ. ದೀಪ.’

‘ಇಷ್ಟುದ್ದ ದೀಪಕ್ಕ ಎಣ್ಣಿ ಎಲ್ಲಿ ಹಾಕತೀರಿ?’

‘ಎಣ್ಣಿ ಬೇಕಾಗಂಗಿಲ್ರಿ.’

‘ಬತ್ತಿ?’

‘ಬತ್ತಿನೂ ಇಲ್ರಿ.’

ಅವರು ರುಮಾಲು ಸರಿಪಡಿಸಿಕೊಂಡು, ಕೊಳವೆಯನ್ನು ತುದಿಯಿಂದ ತುದಿಯವರೆಗೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ನನ್ನ ಮನಸ್ಸಿಗೆ ನೋವಾಗದಂತೆ, ‘ಮತ್ತ ಅದಕ್ಕ ದೀಪ ಅಂತ ಯಾಕಂತೀರಿ?’ ಎಂದರು. ಗದಗ ಬರುವವರೆಗೂ ನಾನು ರಟ್ಟಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದುತ್ತ ಕುಳಿತೆ.

ವಾಯರ್‌ಮನ್ ಬಂದು ಅದನ್ನು ಪಡಸಾಲೆಯ ಬಾಗಿಲಿಗೆ ಎದುರಾಗಿ, ತೊಲೆಗೆ ತೂಗುಹಾಕಿದ. ಗುಂಡಿ ಒತ್ತಿದಾಗ ದೀಪ ತಟ್ಟನೆ ಹತ್ತಲಿಲ್ಲ. ಒಮ್ಮೆ ಮಿಟುಕಿತು, ಸುಮ್ಮನಾಯಿತು, ಮತ್ತೆ ಮಿಟುಕಿತು. ನೀಲವ್ವತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ‘ಲೇ ಈರ್ಯಾ, ಇದು ಕಣ್ಣು ಹೊಡ್ಯಾಕತ್ತೇತಲ್ಲೋ. ಹೆಂಗಸರಿರೋ ಮನ್ಯಾಗ ಇಂಥಾದ್ದನ್ನ ತರತಾರೇನು?’ ಎಂದು ಅಡುಗೆಮನೆಗೆ ಹೋದಳು. ಬೆಳಕು ನಿಂತ ಮೇಲೆ ಹೊರಬಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಬೆಳಕಿನಲ್ಲಿ ಗಿರಿಜೆ ಜ್ವರ ಬಂದು ಲಂಘನ ಮಾಡಿದವಳಂತೆ ಕಾಣುತ್ತಿದ್ದಳು. ನಾನು ಹೇಗೆ ಕಾಣುತ್ತಿದ್ದೆನೋ, ಯಾರೂ ಹೇಳಲಿಲ್ಲ. ಊಟಕ್ಕೆ ಕುಳಿತಾಗ ಬದನೆಕಾಯಿ ಎಣ್ಣೆಗಾಯಿ ಯಾವುದೋ ಲೇಹ್ಯದ ಬಣ್ಣಕ್ಕೆ ತಿರುಗಿತ್ತು. ಆದರೂ ಓಣಿಯ ಜನ ಬಂದು ನೋಡಿದರು, ನಾಲಿಗೆ ಚಪ್ಪರಿಸಿದರು, ‘ಈರಣ್ಣನ ಮನಿ’ ಎನ್ನುತ್ತಿದ್ದವರು ‘ಟ್ಯೂಬ್ ಲೈಟಿನ ಮನಿ’ ಎನ್ನತೊಡಗಿದರು. ನಾನು ಪರಮ ಸಂತೋಷದಲ್ಲಿದ್ದೆ. ಆ ಕಾಲಕ್ಕೆ ಸಂಜೆಯಾದರೆ ಕಚೇರಿಯಿಂದ ನಾನು ಎಷ್ಟು ಬೇಗ ಮನೆಗೆ ಬರುತ್ತಿದ್ದೆನೆಂದರೆ ಗಿರಿಜೆ ಅದಕ್ಕೆ ತಾನೇ ಕಾರಣವೆಂದು ತಪ್ಪು ತಿಳಿದಿದ್ದಳು.

ಇಷ್ಟರಲ್ಲಿ ಕರ್ನಾಟಕ ಒಂದಾಗುವ ದಿನ ಬಂತು. ದೀಪಾವಳಿಯೂ ಅದೇ ದಿನಗಳಲ್ಲಿ ಕೂಡಿಕೊಂಡು ಬಂದಿತ್ತು. ಮುಂಬಯಿ ಪ್ರಾಂತ್ಯದ ನಾವು, ಹೈದರಾಬಾದಿನವರು, ಮದ್ರಾಸಿನವರು, ಮೈಸೂರಿನವರು ಎಲ್ಲ ಇನ್ನು ಮೇಲೆ ಒಂದೇ ಮನೆಯವರು ಎಂದು ಊರಿಗೆ ಊರೇ ಬೀದಿಗೆ ಬಂದಿತ್ತು. ಬೆಳಿಗ್ಗೆ ಮೆರವಣಿಗೆಯಲ್ಲಿ ನಾನೂ ಒಂದು ಉದ್ದನೆಯ ಬಿದಿರಿನ ಗಳಕ್ಕೆ ಬಾವುಟ ಕಟ್ಟಿಕೊಂಡು, ಗಂಟಲು ಹರಿಯುವಂತೆ ಜಯಕಾರ ಹಾಕುತ್ತ ಗದಗಿನ ಬೀದಿಗಳನ್ನೆಲ್ಲ ಸುತ್ತಿದೆ. ಗಳ ತರುವಾಗಲೇ ನನ್ನ ಲೆಕ್ಕಾಚಾರ ಬೇರೆ ಇತ್ತು: ಬೆಳಿಗ್ಗೆ ಬಾವುಟಕ್ಕೆ, ಸಂಜೆ ಅದೇ ಗಳ ಆಕಾಶಬುಟ್ಟಿಗೆ. ಆದ್ದರಿಂದ ಮೆರವಣಿಗೆ ಮುಗಿದ ಮೇಲೆ ಬಾವುಟವನ್ನು ಮಡಿಚಿ ಕಿಸೆಯಲ್ಲಿಟ್ಟು, ಗಳವನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದೆ. ಹಿತ್ತಲಿಗೆ ಒಯ್ಯಬೇಕೆಂದು ಪಡಸಾಲೆ ಹೊಕ್ಕೆ. ಒಳಗಿನಿಂದ ನೀಲವ್ವತ್ತೆ, ‘ಈರ್ಯಾ, ಚಪ್ಪಲಿ ಹೊರಗ ಬಿಟ್ಟು ಬಾ’ ಎಂದಳು. ಹೆಗಲ ಮೇಲೆ ಗಳವಿದ್ದ ಮನುಷ್ಯ ಏನು ಮಾಡಬಾರದೋ ಅದನ್ನೇ ಮಾಡಿದೆ. ಹಿಂದಕ್ಕೆ ತಿರುಗಿದೆ.

ಢಪ್ ಎಂದು ಸದ್ದಾಯಿತು. ಹರಿದು ಹಂಚಿಹೋಗಿದ್ದ ನಾಡು ಒಂದಾದ ದಿನ, ಒಂದಾಗಿದ್ದ ನನ್ನ ದೀಪ ಚೂರಾಯಿತು. ಬೆಳ್ಳಗಿನ ಪುಡಿ ಹೊಗೆಯಂತೆ ಇಳಿದು ನನ್ನ ಟೊಪ್ಪಿಗೆಯ ಮೇಲೆ, ನೆಲದ ಮೇಲೆ, ಮೂಲೆಯಲ್ಲಿ ಹಾಸಿದ್ದ ಕೌದಿಯ ಮೇಲೆ ಕುಳಿತಿತು. ಕೌದಿಯ ಮೇಲೆ ನಮ್ಮ ಕೂಸು ಇತ್ತು. ಅಂಬೆಗಾಲಿಡಲು ಆಗಷ್ಟೇ ಕಲಿತಿದ್ದ ಹೆಣ್ಣುಕೂಸು. ಸದ್ದಿಗೆ ಒಮ್ಮೆ ಬೆಚ್ಚಿ, ಅಳಬೇಕೋ ನಗಬೇಕೋ ಎಂದು ನಮ್ಮ ಮುಖ ನೋಡಿ, ಆಮೇಲೆ ನಕ್ಕಿತು. ಗಾಜಿನ ಚೂರು ಅದರವರೆಗೆ ಹೋಗಿರಲಿಲ್ಲ. ಗಿರಿಜೆ ಬಂದು ಎತ್ತಿಕೊಂಡು ಕೈಕಾಲು ತಡವಿ ನೋಡಿದಳು. ಎಲ್ಲೂ ಗಾಯವಿಲ್ಲ ಎಂದಾದ ಮೇಲೆ ನನ್ನ ಕಡೆ ನೋಡಿದಳು. ಆ ನೋಟದ ವಿವರ ಇಲ್ಲಿ ಬೇಡ.

ಆಗ ನಾನು ಮಾಡಿದ ಮೊದಲ ಕೆಲಸವೆಂದರೆ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲಿಗೆ ಅಗುಳಿ ಹಾಕಿದ್ದು. ‘ಕಿಡಕಿ ಯಾಕ ಹಾಕತೀರಿ?’ ಎಂದಳು ಗಿರಿಜೆ. ಗಾಳಿಗೆ ಪುಡಿ ಹಾರೀತು ಎಂದೆ. ನಿಜವಾದ ಸಂಗತಿಯೆಂದರೆ ಎದುರು ಮನೆಯವರು ಕಟ್ಟೆಯ ಮೇಲೆ ಕುಳಿತಿದ್ದರು, ಹಬ್ಬಕ್ಕೆ ಬರುವ ತಮ್ಮ ಬೀಗರನ್ನು ಸಂಜೆ ಟ್ಯೂಬ್ ಲೈಟು ತೋರಿಸಲು ಕರೆತರುವುದಾಗಿ ಹೇಳಿಟ್ಟಿದ್ದರು. ಮುಚ್ಚಿದ ಪಡಸಾಲೆಯಲ್ಲಿ ನಾವು ನಾಲ್ವರೂ ಕುಳಿತೆವು. ನೀಲವ್ವತ್ತೆ ಕಸಬರಿಗೆ ತಂದು ಗುಡಿಸತೊಡಗಿದಳು. ಗುಡಿಸುತ್ತ ಗುಡಿಸುತ್ತ ಆ ಪುಡಿಯನ್ನು ಬೆರಳಿನಿಂದ ಉಜ್ಜಿ ನೋಡಿದಳು. ‘ಎಷ್ಟು ನುಣ್ಣಗೈತಿ ನೋಡು. ಹಿತ್ತಾಳಿ ಸಮೆ ತಿಕ್ಕಾಕ ಚಲೋ ಆಕ್ಕೇತಿ,’ ಎಂದು ಅದನ್ನು ತೆಂಗಿನ ಕರಟದಲ್ಲಿ ತುಂಬಿಟ್ಟಳು. ಹಬ್ಬಕ್ಕೆ ಸಮೆಗಳನ್ನು, ಎಂದರೆ ದೀಪದ ಕಂಬಗಳನ್ನು, ಬೆಳಗುವ ಕೆಲಸ ಅರ್ಧ ಉಳಿದಿತ್ತು. ಏನೂ ದಂಡವಾಗಬಾರದೆಂಬುದು ಅವಳ ಜೀವನಧರ್ಮ.

ಅಷ್ಟರಲ್ಲಿ ಕೌದಿಯ ಮಡಿಕೆಯಲ್ಲಿ ನನಗೊಂದು ಮುತ್ತು ಸಿಕ್ಕಿತು. ಸಾಸಿವೆ ಕಾಳಿನಷ್ಟು, ಬೆಳ್ಳಿಯಂತೆ ಹೊಳೆಯುವುದು. ಅಂಗೈ ಮೇಲೆ ತೆಗೆದುಕೊಂಡರೆ ಓಡುತ್ತದೆ. ಬೆರಳಿನಿಂದ ಒತ್ತಿದರೆ ಎರಡಾಗುತ್ತದೆ. ಕೈ ಓರೆ ಮಾಡಿದರೆ ಎರಡೂ ಉರುಳಿ ಬಂದು ಮತ್ತೆ ಒಂದಾಗುತ್ತವೆ. ದೀಪ ಒಡೆದ ದುಃಖ ಅರ್ಧ ಮರೆತುಹೋಯಿತು. ಗಿರಿಜೆಯ ಸಿಟ್ಟನ್ನೂ ಇಳಿಸಬೇಕಾಗಿತ್ತಲ್ಲ, ಅಂಗೈಯನ್ನು ಅವಳ ಮುಂದೆ ಹಿಡಿದು, ‘ನೋಡು, ಇದರದೂ ಏಕೀಕರಣ ಆತು,’ ಎಂದೆ. ಕೂಸು ಕೈ ಚಾಚಿತು. ಗಿರಿಜೆಯ ತುಟಿಯಲ್ಲಿ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬಂದವನು ಗಿರಿಜೆಯ ತಮ್ಮ ಬಸವರಾಜ. ಹಿರೇವಡ್ಡಟ್ಟಿಯವನು, ಧಾರವಾಡದಲ್ಲಿ ವಿಜ್ಞಾನ ಓದುತ್ತಿದ್ದ. ಹಬ್ಬಕ್ಕೆ ಊರಿಗೆ ಹೋಗುವ ದಾರಿಯಲ್ಲಿ ಅಕ್ಕನನ್ನೂ ಕೂಸನ್ನೂ ಕರೆದೊಯ್ಯಲು ಬಂದಿದ್ದ. ಒಣಕಲು ಮೈ, ದಪ್ಪ ಕನ್ನಡಕ, ಮಾತು ಬಹಳ ಕಡಿಮೆ. ನಮ್ಮ ಮದುವೆಯಲ್ಲಿ ಅವನು ನನ್ನೊಡನೆ ಆಡಿದ ಒಂದೇ ಮಾತೆಂದರೆ, ‘ಮಾಮಾ, ಬಾಸಿಂಗ ಸೊಟ್ಟಾಗೇತಿ.’ ಅಂಥವನು ಒಳಗೆ ಬಂದು ಚೀಲ ಕೆಳಗಿಟ್ಟ, ಖಾಲಿ ತೊಲೆ ನೋಡಿದ, ನೆಲ ನೋಡಿದ, ನನ್ನ ಅಂಗೈ ನೋಡಿದ. ಮುಖದ ಬಣ್ಣ ಬದಲಾಯಿತು.

‘ಮಾಮಾ, ಕಿಡಕಿ ತೆಗೀರಿ. ಎಲ್ಲಾ ತೆಗೀರಿ. ಅಕ್ಕಾ, ಕೂಸಿನ್ನ ಕರಕೊಂಡು ಹೊರಗ ನಡಿ. ಅತ್ತೀ, ಆ ಕಸಬರಿಗಿ ಅಲ್ಲೇ ಬಿಡ್ರಿ, ಇನ್ನೊಮ್ಮೆ ಗುಡಿಸಬ್ಯಾಡ್ರಿ.’

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವನ ಅಕ್ಕನೂ ಕೇಳಿರಲಿಲ್ಲ. ಏನಾಯಿತೆಂದು ಕೇಳಿದೆ. ‘ಅದು ಪಾದರಸ ರೀ ಮಾಮಾ. ಟ್ಯೂಬಿನೊಳಗ ಪಾದರಸದ ಆವಿ ಇರತೈತಿ. ಒಡದ್ರ ಅದು ಗಾಳ್ಯಾಗ ಕೂಡತೈತಿ. ಕಣ್ಣಿಗೆ ಕಾಣಂಗಿಲ್ಲ, ವಾಸನಿನೂ ಇಲ್ಲ. ಉಸರಿನ್ಯಾಗ ಒಳಗ ಹೋದ್ರ ನರಕ್ಕ, ತಲಿಗೆ ಕೆಟ್ಟದ್ದು. ಸಣ್ಣ ಕೂಸುಗಳಿಗಂತೂ ಭಾಳ ಕೆಟ್ಟದ್ದು. ನಮ್ಮ ಕಾಲೇಜಿನ್ಯಾಗ ಒಂದ್ ಥರ್ಮಾಮೀಟರ್ ಒಡದ್ರ ಸುದ್ದಾ ಎಲ್ಲಾರನ್ನೂ ಹೊರಗ ಹಾಕಿ ಕಿಡಕಿ ತೆಗಸ್ತಾರ. ನೀವು ಕಿಡಕಿ ಹಾಕ್ಕೊಂಡು ಕುಂತೀರಿ.’

ನೀಲವ್ವತ್ತೆ ಕಸಬರಿಗೆ ಬಿಡಲಿಲ್ಲ. ‘ಹುಚ್ಚಪ್ಪಾ, ನಮ್ಮ ಲಕ್ಷ್ಮೇಶ್ವರದಾಗ ವೈದ್ಯರು ಪಾದರಸದ ಔಷಧಾನs ಕೊಡತಿದ್ರು,’ ಎಂದಳು.

‘ತಗೊಂಡವ್ರು ಈಗ ಎಲ್ಲದಾರ್ರಿ ಅತ್ತೀ?’ ಎಂದ ಬಸವರಾಜ. ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಅತ್ತೆ ಒಬ್ಬಿಬ್ಬರನ್ನು ಬೆರಳು ಮಡಿಚಿ ಎಣಿಸಲು ಹೋಗಿ ಕಸಬರಿಗೆಯನ್ನು ಕೆಳಗಿಟ್ಟಳು.

ನಾನೂ ಸುಲಭಕ್ಕೆ ನಂಬುವವನಾಗಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ಚಿನ್ನಿಕೋಲು ಆಡುತ್ತಿದ್ದ ಹುಡುಗ ಹೇಳಿದನೆಂದು ಓಣಿಗೆ ಕಾಣುವಂತೆ ಕಿಟಕಿ ತೆರೆಯುವುದೇ? ಆಗ ಅವನು ನನ್ನ ಕೈ ಹಿಡಿದು ಬೆರಳು ತೋರಿಸಿದ. ಮದುವೆಯಲ್ಲಿ ನನ್ನ ಮಾವ, ಎಂದರೆ ಅವನ ಅಪ್ಪ, ಹಾಕಿದ್ದ ಬಂಗಾರದ ಉಂಗುರ. ಅದರ ಅರ್ಧ ಭಾಗ ಬೆಳ್ಳಗಾಗಿತ್ತು. ತವರದ ಹಾಗೆ ಮಂಕಾದ ಬಿಳುಪು. ಧೋತರದಿಂದ ಉಜ್ಜಿದೆ, ಹೋಗಲಿಲ್ಲ. ‘ಬಂಗಾರ ಕಂಡ್ರ ಪಾದರಸ ಬಿಡೂದಿಲ್ರಿ, ಒಳಗ ಹೊಕ್ಕು ಕೂಡತೈತಿ,’ ಎಂದ. ಆಮೇಲೆ ನನ್ನ ಮನಸ್ಸಿನಲ್ಲಿ ಬೇರೇನಾದರೂ ಬಂದೀತೆಂದು, ‘ನಮ್ಮಪ್ಪ ಹಾಕಿದ್ದು ಖರೇನs ಬಂಗಾರ ಐತ್ರಿ,’ ಎಂದೂ ಸೇರಿಸಿದ.

ಬಂಗಾರವೇ ಬಣ್ಣ ಬಿಟ್ಟಿತೆಂದ ಮೇಲೆ ಮನುಷ್ಯನ ಪಾಡೇನು ಎಂದುಕೊಂಡು ನಾನು ಉಂಗುರ ಕಳಚತೊಡಗಿದೆ. ‘ಆ ಮಣಿ ಎಲ್ಲಿ?’ ಎಂದ ಬಸವರಾಜ. ಅಂಗೈ ನೋಡಿದೆ, ಇರಲಿಲ್ಲ. ಅವನು ಕೈ ಹಿಡಿದೆಳೆದಾಗ ಎಲ್ಲೋ ಉರುಳಿತ್ತು. ನಾವೆಲ್ಲ ಒಟ್ಟಿಗೇ ಕೂಸಿನ ಕಡೆ ನೋಡಿದೆವು. ಅದು ಹೊಸ್ತಿಲವರೆಗೆ ಹೋಗಿ ನಿಂತಿದ್ದ ತಾಯಿಯ ತೋಳಿನಲ್ಲಿ ಕುಳಿತು, ಜೊಲ್ಲು ಸುರಿಸುತ್ತ, ಬಾಯಲ್ಲಿ ಏನನ್ನೋ ಗಂಭೀರವಾಗಿ ಅಗಿಯುತ್ತಿತ್ತು.

ಆ ಕ್ಷಣವನ್ನು ಇಂದಿಗೂ ನಗುತ್ತ ಹೇಳಲು ನನ್ನಿಂದಾಗುವುದಿಲ್ಲ. ಗಿರಿಜೆ ಕೂಸನ್ನು ಹೊರಗೆ ಕಟ್ಟೆಗೆ ಒಯ್ದು, ಬೆಳಕಿಗೆ ಹಿಡಿದು, ಬಾಯಲ್ಲಿ ಬೆರಳು ಹಾಕಿದಳು. ನಾನು ಹಿಂದೆ ನಿಂತು, ಗೊತ್ತಿದ್ದ ದೇವರ ಹೆಸರೆಲ್ಲ ಹೇಳುತ್ತಿದ್ದೆ. ಗೊತ್ತಿದ್ದವರು ಬೇಗ ಮುಗಿದು ಪಕ್ಕದೂರಿನ ದೇವರುಗಳಿಗೂ ಹೋಗಿದ್ದೆ. ಗಿರಿಜೆಯ ಬೆರಳ ತುದಿಗೆ ಬಂದದ್ದು ಒಂದು ಚುರಮರಿ ಕಾಳು. ಬೆಳಿಗ್ಗೆ ತಿಂದದ್ದನ್ನು ಕೂಸು ಎಲ್ಲಿ ಉಳಿಸಿಕೊಂಡಿತ್ತೋ. ತನ್ನ ಆಸ್ತಿಯನ್ನು ಕಿತ್ತುಕೊಂಡರೆಂದು ಅದು ಈಗ ಅಳತೊಡಗಿತು. ಅದರ ಜೊತೆಗೆ ಗಿರಿಜೆಯೂ ಅತ್ತಳು.

ಅಳು ಕೇಳಿ ಎದುರು ಮನೆಯವರು ಬಂದರು. ಪಕ್ಕದವರು ಬಂದರು. ಯಾವುದನ್ನು ಮುಚ್ಚಿಡಲು ಕಿಟಕಿ ಹಾಕಿದ್ದೆನೋ ಆ ಸಂಗತಿ ಈಗ ಓಣಿಯ ತುದಿಯವರೆಗೆ ಹೋಯಿತು. ಹೋಗುತ್ತ ಹೋಗುತ್ತ ಬೆಳೆಯಿತು. ಓಣಿಯ ಕೊನೆಯ ಮನೆಗೆ ಮುಟ್ಟುವ ಹೊತ್ತಿಗೆ ನಾನು ಪಾದರಸ ಕುಡಿದಿದ್ದೆ.

ಮನೆಯ ಎಲ್ಲ ಕಿಟಕಿ ಬಾಗಿಲು ತೆರೆದು, ಗಾಳಿ ಚೆನ್ನಾಗಿ ಆಡುವವರೆಗೂ ಬಸವರಾಜ ಯಾರನ್ನೂ ಒಳಗೆ ಬಿಡಲಿಲ್ಲ. ನೀಲವ್ವತ್ತೆಯ ಕೈಯನ್ನು ಹಿತ್ತಲಲ್ಲಿ ಸಾಬೂನು ಹಚ್ಚಿ ಹಚ್ಚಿ ತೊಳೆಸಿದ. ಕರಟದಲ್ಲಿದ್ದ ಪುಡಿಯನ್ನು ಕಂಡಾಗ ಅವನು ಕಣ್ಣು ಮುಚ್ಚಿಕೊಂಡ. ಪುಣ್ಯಕ್ಕೆ ಸಮೆ ತಿಕ್ಕುವುದು ಇನ್ನೂ ಶುರುವಾಗಿರಲಿಲ್ಲ. ಆಮೇಲೆ ಮೂಗಿಗೆ ವಸ್ತ್ರ ಕಟ್ಟಿಕೊಂಡು ತಾನೊಬ್ಬನೇ ಒಳಗೆ ಹೋದ. ನಾನೂ ಬರುತ್ತೇನೆಂದು ಎದ್ದೆ. ಗಿರಿಜೆ ನನ್ನ ಧೋತರದ ಚುಂಗು ಹಿಡಿದು ಕೂರಿಸಿದಳು. ಅವನು ಗಾಜಿನ ಚೂರುಗಳನ್ನು ಎರಡು ರಟ್ಟಿನ ತುಂಡುಗಳಿಂದ ಎತ್ತಿದ. ಸಣ್ಣ ಪುಡಿಗೆ ಏನಾದರೂ ಅಂಟುವಂಥದ್ದು ಬೇಕೆಂದು ಒಳಗಿನಿಂದಲೇ ಕೇಳಿದ. ಅಂಟುವಂಥದ್ದು ಆ ಹೊತ್ತಿಗೆ ಮನೆಯಲ್ಲಿ ಇದ್ದುದು ಒಂದೇ: ಕರಚಿಕಾಯಿಗೆಂದು ನೀಲವ್ವತ್ತೆ ನಾದಿಟ್ಟಿದ್ದ ಕಣಕ. ಅವಳು ಒಂದು ನಿಟ್ಟುಸಿರು ಬಿಟ್ಟು ಪರಾತವನ್ನೇ ಕೊಟ್ಟಳು. ಕಣಕವನ್ನು ಉಂಡೆ ಮಾಡಿ ನೆಲಕ್ಕೆ ಒತ್ತಿ ಒತ್ತಿ ಅವನು ಪುಡಿಯನ್ನೂ ಕೌದಿಯ ಅಂಚಿನಲ್ಲಿ ಅಡಗಿದ್ದ ಆ ಮಣಿಯನ್ನೂ ಹಿಡಿದ. ಉಳಿದದ್ದನ್ನು ಹಸಿ ಅರಿವೆಯಿಂದ ಒರೆಸಿದ. ಎಲ್ಲವನ್ನೂ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಹಾಕಬೇಕೆಂದ. ಮುಚ್ಚಳ ಬಿಗಿಯಾಗಿದ್ದುದು ಉಪ್ಪಿನಕಾಯಿ ಭರಣಿಯದು ಮಾತ್ರ. ಅದೂ ಹೋಯಿತು. ಭರಣಿಯನ್ನು ಕಾಲೇಜಿನ ತನ್ನ ಗುರುಗಳಿಗೆ ಒಪ್ಪಿಸಲು ಅವನು ಹಬ್ಬದ ನಂತರ ಧಾರವಾಡಕ್ಕೆ ಒಯ್ದ. ಗಾಡಿಯಲ್ಲಿ ಒಬ್ಬರು ರೊಟ್ಟಿ ಬಿಚ್ಚಿಕೊಂಡು, ‘ಒಂದೀಟು ಉಪ್ಪಿನಕಾಯಿ ಹಾಕ್ರಿ,’ ಎಂದು ದಾರಿಯುದ್ದಕ್ಕೂ ಬೆನ್ನು ಹತ್ತಿದ್ದರಂತೆ. ಕೊಡದ್ದಕ್ಕೆ ಅವನನ್ನು ಜಿಪುಣನೆಂದು ಬೈದು ಹುಬ್ಬಳ್ಳಿಯಲ್ಲಿ ಇಳಿದರಂತೆ.

ಕೊನೆಗೆ ಉಳಿದದ್ದು ಕೌದಿ.

‘ಅದನ್ನ ಇಟ್ಕೋಬಾರದ್ರಿ,’ ಎಂದ ಬಸವರಾಜ. ಒಗೆದರೆ ಆಗದೇ ಎಂದು ಕೇಳಿದೆ. ಒಗೆದರೆ ನೀರಿಗೆ ಹೋಗುತ್ತದೆ, ಝಾಡಿಸಿದರೆ ಗಾಳಿಗೆ ಹೋಗುತ್ತದೆ, ಸುಟ್ಟರಂತೂ ಎಲ್ಲ ಆವಿಯಾಗುತ್ತದೆ, ಪದರ ಪದರದಲ್ಲಿ ಹೊಕ್ಕದ್ದನ್ನು ತೆಗೆಯಲು ಬರುವುದಿಲ್ಲ ಎಂದ. ಹೇಳುವಾಗ ಅವನು ನೀಲವ್ವತ್ತೆಯ ಮುಖ ನೋಡುತ್ತಿರಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ. ಆ ಕೌದಿ ನನ್ನ ತಾಯಿಯ ಸೀರೆಗಳದು. ಅವಳು ತೀರಿಕೊಂಡ ವರ್ಷ, ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆಗಳನ್ನು ಅತ್ತೆ ಯಾರಿಗೂ ಕೊಡಲಿಲ್ಲ. ಕತ್ತರಿಸಿ, ಜೋಡಿಸಿ, ಒಂದು ಬೇಸಿಗೆಯಿಡೀ ಕುಳಿತು ಹೊಲಿದಳು. ನಾನು ಅದರಲ್ಲೇ ಬೆಳೆದೆ. ಈಗ ನನ್ನ ಮಗಳು ಅದರ ಮೇಲೆ ಅಂಬೆಗಾಲಿಡುತ್ತಿದ್ದಳು. ನನ್ನ ತಾಯಿಯದೆಂದು ಆ ಮನೆಯಲ್ಲಿ ಬೇರೇನೂ ಇರಲಿಲ್ಲ.

ನಾನು ಏನೋ ಹೇಳಲು ಹೋದೆ. ಹಿತ್ತಲ ಅಟ್ಟದ ಮೇಲೆ ಕಟ್ಟಿಟ್ಟರೆ ಹೇಗೆ, ಬಿಸಿಲಿಗೆ ಹಾಕಿದರೆ ಹೇಗೆ ಎಂದು. ನೀಲವ್ವತ್ತೆ ಕೈಯೆತ್ತಿ ತಡೆದಳು. ‘ಬ್ಯಾಡೋ ಈರ್ಯಾ. ನಿಮ್ಮವ್ವ ಇದ್ದಿದ್ರ ತಾನs ತಗದು ಒಗೀತಿದ್ಲು. ಕೂಸಿನ ಸಂಬಂಧ ಹೊಲದದ್ದು, ಕೂಸಿನ ಸಂಬಂಧನs ಹೋಗಲಿ,’ ಎಂದಳು. ಬಸವರಾಜ ಹೇಳಿದ ಹಾಗೆ ಅದನ್ನು ಝಾಡಿಸದೆ, ಒಳಮುಖವಾಗಿ ಮಡಿಚಿ, ಹಳೆಯ ಗೋಣಿಯಲ್ಲಿ ಹಾಕಿ ತಾನೇ ಬಾಯಿ ಹೊಲಿದಳು. ಅದನ್ನು ಊರ ಹೊರಗೆ, ಬಾವಿ ಹಳ್ಳಗಳಿಂದ ದೂರದ ಒಂದು ಪಾಳು ಜಾಗದಲ್ಲಿ ಆಳವಾಗಿ ಹೂಳಿಸಿದೆವು. ಮಣ್ಣು ಮುಚ್ಚುವವರೆಗೂ ಅತ್ತೆ ನಿಂತಿದ್ದಳು. ತಿರುಗಿ ಬರುವಾಗ, ‘ಹಸರು ಸೀರಿ ತುಂಡು ಭಾಳ ಚಲೋ ಇತ್ತು,’ ಎಂದಳು. ಅಷ್ಟೇ.

ಇಷ್ಟಾದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಸಂಜೆಯ ಹೊತ್ತಿಗೆ ಕೂಸಿನ ಮೈ ಬೆಚ್ಚಗಾದಂತೆ ತೋರಿತು. ನಾನು, ಗಿರಿಜೆ, ಬಸವರಾಜ ಮೂವರೂ ಟಾಂಗಾ ಹಿಡಿದು ಗದಗಿನ ಒಬ್ಬ ಡಾಕ್ಟರರ ದವಾಖಾನೆಗೆ ಓಡಿದೆವು. ಅವರು ಕೂಸಿನ ಎದೆ, ಹೊಟ್ಟೆ, ನಾಲಿಗೆ, ಕಣ್ಣು ಎಲ್ಲ ನೋಡಿದರು. ಕೂಸು ಅವರು ಕಿವಿಗೆ ಹಾಕಿಕೊಂಡಿದ್ದ ನಳಿಕೆಯನ್ನು ಎಳೆದು ಬಾಯಿಗಿಟ್ಟುಕೊಂಡಿತು. ‘ಹಲ್ಲು ಬರಾಕತ್ತಾವ. ಮೈ ಬೆಚ್ಚಗಾಗಿದ್ದು ಅದಕ್ಕ,’ ಎಂದರು. ಪಾದರಸದ ಕತೆಯನ್ನು ಬಸವರಾಜ ಹೇಳಿದ. ಅವರು ಕೇಳಿ, ಒಂದು ದೀಪದಲ್ಲಿರುವುದು ಸ್ವಲ್ಪವೇ, ಕೂಸು ಅದರಲ್ಲಿ ಬಹಳ ಹೊತ್ತು ಇರಲಿಲ್ಲ, ಹೆದರುವಂಥದ್ದೇನೂ ಕಾಣುವುದಿಲ್ಲ, ಆದರೂ ಕೆಲವು ದಿನ ಕಣ್ಣಿಟ್ಟು ನೋಡಿರಿ, ಆ ಪಡಸಾಲೆಗೆ ಗಾಳಿ ಆಡುತ್ತಿರಲಿ ಎಂದರು. ‘ಇನ್ನೂ ಸ್ವಲ್ಪ ಹೊತ್ತು ಹಂಗs ಕಿಡಕಿ ಹಾಕ್ಕೊಂಡು ಕುಂತಿದ್ರ ಮಾತು ಬ್ಯಾರೆ ಇತ್ತು. ಕಿಡಕಿ ಹಾಕಿದ ಶಾಣ್ಯಾ ಯಾರು?’ ಎಂದು ಕೇಳಿದರು. ಗಿರಿಜೆಯೂ ಬಸವರಾಜನೂ ದೊಡ್ಡ ಮನಸ್ಸಿನಿಂದ ಗೋಡೆ ನೋಡಿದರು. ನಾನೂ ಗೋಡೆ ನೋಡಿದೆ. ಹಾಗೆ ನೋಡುತ್ತ ನೋಡುತ್ತ ದೃಷ್ಟಿ ಮೇಲೆ ಹೋಯಿತು. ಡಾಕ್ಟರರ ತಲೆಯ ನೇರಕ್ಕೆ ಹೊಚ್ಚ ಹೊಸ ಟ್ಯೂಬ್ ಲೈಟು ಉರಿಯುತ್ತಿತ್ತು. ನಾವು ಮೂವರೂ ಮೇಲೆ ನೋಡುವುದನ್ನು ಕಂಡು ಅವರೂ ಮೇಲೆ ನೋಡಿದರು. ಆಮೇಲೆ ಅವರು ಎದ್ದು, ಏನೂ ಆಗಿಲ್ಲವೆಂಬಂತೆ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಕುಳಿತು, ‘ಮುಂದಿನವ್ರನ್ನ ಕಳಸ್ರಿ,’ ಎಂದರು.

ಮರುದಿನ ಬಸವರಾಜ ಅಕ್ಕನನ್ನೂ ಕೂಸನ್ನೂ ಮುಂಡರಗಿ ಬಸ್ಸಿನಲ್ಲಿ ಹಿರೇವಡ್ಡಟ್ಟಿಗೆ ಕರೆದೊಯ್ದ. ಉಂಗುರವನ್ನು ಬಿಗಿಮುಚ್ಚಳದ ಸೀಸೆಯಲ್ಲಿ ಹಾಕಿಕೊಟ್ಟು, ಅಕ್ಕಸಾಲಿ ಪತ್ತಾರನಿಗೆ ಸಂಗತಿ ತಿಳಿಸದೆ ಕೊಡಬೇಡಿರೆಂದು ನನಗೆ ತಾಕೀತು ಮಾಡಿದ. ಹಬ್ಬಕ್ಕೆ ಅಳಿಯನಿಗೂ ಕರೆ ಇತ್ತು. ಎಣ್ಣೆ ನೀರು, ಹೊಸ ಧೋತರ, ಹೋಳಿಗೆ ಎಲ್ಲವೂ ಕಾದಿದ್ದವು. ಆದರೆ ಎಲ್ಲ ಕಿಟಕಿ ಬಾಗಿಲು ತೆರೆದಿಟ್ಟ ಮನೆಯನ್ನು ಬಿಟ್ಟು ಹೋಗುವುದು ಹೇಗೆ? ನಾನು ಮತ್ತು ನೀಲವ್ವತ್ತೆ ಮನೆ ಕಾಯುತ್ತ ಉಳಿದೆವು. ಹಬ್ಬದ ದಿನ ಒಂದು ಎಮ್ಮೆ ಪಡಸಾಲೆಯವರೆಗೂ ಬಂದು, ಒಳಗೆಲ್ಲ ಒಮ್ಮೆ ನೋಡಿ, ತನಗೆ ತಕ್ಕ ಸ್ಥಳವಲ್ಲವೆಂದು ತಿರುಗಿ ಹೋಯಿತು. ದಿನಾ ಯಾರಾದರೊಬ್ಬರು ಕಟ್ಟೆಗೆ ಬಂದು ಕೂರುವರು. ಪಾದರಸದ ಸಂಗತಿ ಕೇಳುವರು. ಅದರ ಆವಿ ಹೇಗೆ, ಗುಡಿಸಬಾರದೇಕೆ, ಕಿಟಕಿ ತೆರೆಯಬೇಕೇಕೆ ಎಂದು ನಾನು ವಿವರವಾಗಿ ಹೇಳುವೆ. ಕಿಟಕಿ ಹಾಕಿದವರು ಯಾರೆಂಬ ಭಾಗವನ್ನು ನೀಲವ್ವತ್ತೆ ಒಳಗಿನಿಂದಲೇ ಕೂಗಿ ಹೇಳುವಳು.

ಹೆಂಡತಿಯೂ ಕೂಸೂ ಇಲ್ಲದ ಮನೆಯಲ್ಲಿ, ಹಳಸಲು ಹಬ್ಬ ಮಾಡಿಕೊಂಡು ನನಗೆ ಸ್ವಲ್ಪ ಬೇಸರವಾಗಿದ್ದುದು ನಿಜ. ಗಿರಿಜೆಯನ್ನೂ ಕೂಸನ್ನೂ ಕರೆದುಕೊಂಡು ಮಾವನವರೇ ಬಂದಾಗ ನಾನು ಹೆಚ್ಚು ಮಾತಾಡಲಿಲ್ಲ. ಕೂಸು ದುಂಡಗಾಗಿತ್ತು, ಕೆಳಗಿನ ದವಡೆಯಲ್ಲಿ ಅಕ್ಕಿಕಾಳಿನಂಥ ಹಲ್ಲು ಇಣುಕಿತ್ತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಹಲ್ಲನ್ನೇ ನೋಡುತ್ತಿದ್ದೆ. ಮಾವನವರು ನೀರು ಕುಡಿದು, ಹೊಸ ಧೋತರವನ್ನು ನನ್ನ ಮುಂದಿಟ್ಟು, ನನ್ನ ಮುಖ ನೋಡಿದರು. ನಾನು ಮಾತಾಡದ್ದನ್ನು ಕಂಡು ನೀಲವ್ವತ್ತೆಯ ಕಡೆ ತಿರುಗಿ ದನಿ ತಗ್ಗಿಸಿದರು.

‘ಅಳಿಯಂದಿರು ಹಬ್ಬಕ್ಕ ಬರಾಕ ಆಗಲಿಲ್ಲಂತ ಸಿಟ್ಟಾಗ್ಯಾರೇನ್ರಿ ಬೀಗ್ತ್ಯಾರ? ಒಳಗ ಏನರೆ ಇಟ್ಕೊಂಡಾರೇನು?’

ನೀಲವ್ವತ್ತೆ ಹೊಸ ಕೌದಿಗೆಂದು ಅರಿವೆ ಕತ್ತರಿಸುತ್ತಿದ್ದಳು. ಕತ್ತರಿ ನಿಲ್ಲಿಸದೆ ಹೇಳಿದಳು.

‘ಏನೂ ಕಾಳಜಿ ಮಾಡಬ್ಯಾಡ್ರಿ. ಅವನ ಒಳಗ ಏನೂ ಇಲ್ಲ. ಅವನ್ನ ಒಡದ್ರೂ ಕಿಡಕಿ ತೆಗಿಯೂದು ಬೇಕಾಗಂಗಿಲ್ಲ.’

ಮಾವನವರು ನಗು ತಡೆಯಲು ಹೋಗಿ ಕೆಮ್ಮಿದರು. ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಕೂಸು ತನ್ನ ಒಂದೇ ಹಲ್ಲು ತೋರಿಸಿ ನಕ್ಕಿತು. ಕಿಟಕಿಗಳೆಲ್ಲ ಇನ್ನೂ ತೆರೆದೇ ಇದ್ದುದರಿಂದ ಎದುರು ಮನೆಯವರೂ ನಕ್ಕರು.